ಸಾವರ್ಡೆ ಹಳ್ಳಿಯೋ ಪಟ್ಟಣವೋ? ಒಂದು ಊರಿನ ಜನಸಂಖ್ಯೆ, ರೈಲು, ಲಾರಿ ನಮಗೆ ಹೇಳುವ ಪಾಠ

ಯಾವುದಾದರೂ ಊರಿನ ಹೆಸರು ಹಾಕಿ ಮೊಬೈಲಿನಲ್ಲಿ ಹುಡುಕಿ ನೋಡಿ. ಎರಡು ಸಾಲು ಖಂಡಿತ ಸಿಗುತ್ತದೆ: ಜನಸಂಖ್ಯೆ ಇಷ್ಟು, ಹತ್ತಿರದ ರೈಲು ನಿಲ್ದಾಣ ಇಂಥದ್ದು. ನಾವು ಅದನ್ನು ಓದಿ ಮುಂದೆ ಹೋಗಿಬಿಡುತ್ತೇವೆ. ಅದರಲ್ಲಿ ಓದುವುದಕ್ಕೆ ಏನಿದೆ ಅಂತ ಅನಿಸುತ್ತದೆ. ಆದರೆ ಆ ಎರಡು ಸಾಲಿನ ಮೇಲೆ ಒಂದು ಊರಿನ ರೇಷನ್, ರಸ್ತೆ, ಶಾಲೆ, ಓಟಿನ ಬೆಲೆ ಎಲ್ಲವೂ ನಿಂತಿರುತ್ತದೆ. ಮಕ್ಕಳು, ಅಣ್ಣ-ತಮ್ಮಂದಿರು ಗಲ್ಫ್, ಗೋವಾ, ಮುಂಬೈ, ಬೆಂಗಳೂರು ಎಂದು ಹಂಚಿಹೋಗಿರುವ ನಮ್ಮಂಥ ಸಮುದಾಯಕ್ಕಂತೂ ಈ ಲೆಕ್ಕ ಅರ್ಥ ಆಗಲೇಬೇಕು.

ಅದನ್ನು ಅರ್ಥ ಮಾಡಿಕೊಳ್ಳಲು ಒಂದು ಊರನ್ನು ತೆಗೆದುಕೊಳ್ಳೋಣ. ದಕ್ಷಿಣ ಗೋವಾದ ಸಾವರ್ಡೆ.

ಯಾವ ಸಾವರ್ಡೆ?

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳೋಣ. ಈ ಹೆಸರಿನ ಊರು ಒಂದಲ್ಲ. ಉತ್ತರ ಗೋವಾದ ಸತ್ತರಿ ತಾಲೂಕಿನಲ್ಲೂ ಒಂದು ಸಾವರ್ಡೆ ಇದೆ. ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಚಿಪಳೂಣ್ ಹತ್ತಿರ ಇನ್ನೊಂದು ಇದೆ, ಕೊಂಕಣ ರೈಲಿನಲ್ಲಿ ಮುಂಬೈಗೆ ಹೋಗುವಾಗ ಅದರ ನಿಲ್ದಾಣ ಸಿಗುತ್ತದೆ. ನಾವು ಹೇಳುತ್ತಿರುವುದು ದಕ್ಷಿಣ ಗೋವಾದ ಸಾಂಗೆ ತಾಲೂಕಿನ ಸಾವರ್ಡೆ. ಇಂಗ್ಲಿಷಿನಲ್ಲಿ ಬರೆಯುವಾಗ ಪೋರ್ಚುಗೀಸರ ಕಾಲದ ರೂಪದಲ್ಲಿ 'ಸಾನ್‌ವೊರ್ಡೆಂ' ಎಂದು ಬರೆಯುತ್ತಾರೆ. ಮಡಗಾಂವ್‌ನಿಂದ ಪೂರ್ವಕ್ಕೆ, ಘಟ್ಟದ ಕಡೆಗೆ, ಸುಮಾರು 20 ಕಿಲೋಮೀಟರ್.

ಊರಿನ ಪಕ್ಕದಲ್ಲೇ ಜುವಾರಿ ನದಿ. ನದಿಯ ಆಚೆ ದಡದಲ್ಲಿ ಕುಡ್ಚಡೆ. ಎರಡೂ ಜೋಡಿ ಊರುಗಳು. ಸೇತುವೆ ದಾಟಿದರೆ ಆಯಿತು, ಊರು ಬದಲಾಗುತ್ತದೆ. ಆದರೆ ಬದಲಾಗುವುದು ಊರಿನ ಹೆಸರು ಮಾತ್ರ ಅಲ್ಲ. ಕುಡ್ಚಡೆ ಇರುವುದು ಕೇಪೆ ತಾಲೂಕಿನಲ್ಲಿ, ಅಲ್ಲಿ ಪುರಸಭೆ ಇದೆ. ಸಾವರ್ಡೆ ಇರುವುದು ಸಾಂಗೆ ತಾಲೂಕಿನಲ್ಲಿ, ಇಲ್ಲಿ ಗ್ರಾಮ ಪಂಚಾಯತ್. ಒಂದೇ ಪೇಟೆ, ಒಂದೇ ಬಸ್ಸು, ಒಂದೇ ರೈಲು. ಆಡಳಿತ ಮಾತ್ರ ಎರಡು.

ಇಲ್ಲಿಗೇ ಮುಗಿಯಲಿಲ್ಲ. ಪಂಚಾಯತ್ ಆಡಳಿತ ಇರುವ ಈ ಸಾವರ್ಡೆಯನ್ನು ಜನಗಣತಿ ಇಲಾಖೆ ಹಳ್ಳಿ ಅನ್ನುವುದಿಲ್ಲ. ಅವರ ಪಟ್ಟಿಯಲ್ಲಿ ಇದು 'ಸೆನ್ಸಸ್ ಟೌನ್', ಅಂದರೆ ಗಣತಿಯ ಲೆಕ್ಕದ ಪಟ್ಟಣ. ಹಾಗಾದರೆ ಸಾವರ್ಡೆ ಹಳ್ಳಿಯೋ ಪಟ್ಟಣವೋ?

ಹಳ್ಳಿ ಪಟ್ಟಣ ಆಗುವುದು ಹೇಗೆ?

ಜನಗಣತಿ ಇಲಾಖೆಗೆ ಮೂರು ಅಳತೆ ಇವೆ. ಊರಿನ ಜನಸಂಖ್ಯೆ ಕನಿಷ್ಠ 5,000 ಇರಬೇಕು. ಒಂದು ಚದರ ಕಿಲೋಮೀಟರಿಗೆ ಕನಿಷ್ಠ 400 ಜನ ಇರಬೇಕು. ಮುಖ್ಯ ಕೆಲಸಗಾರರಾದ ಗಂಡಸರಲ್ಲಿ ನೂರಕ್ಕೆ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿರಬೇಕು. ಈ ಮೂರೂ ಕೂಡಿದರೆ ಆ ಊರು ಗಣತಿಯಲ್ಲಿ ಪಟ್ಟಣ. ಅಲ್ಲಿ ಪುರಸಭೆ ಇದೆಯೋ ಇಲ್ಲವೋ ಎಂದು ಅವರು ಕೇಳುವುದಿಲ್ಲ.

ಮೂರನೇ ಅಳತೆಯನ್ನು ಸ್ವಲ್ಪ ಗಮನಿಸಿ. ಲೆಕ್ಕ ಹಿಡಿಯುವುದು ಗಂಡಸರನ್ನು ಮಾತ್ರ. ಹೆಂಗಸರು ಗದ್ದೆಗೆ ಹೋದರೂ, ಬೀಡಿ ಕಟ್ಟಿದರೂ, ಅಂಗಡಿ ನಡೆಸಿದರೂ ಈ ಅಳತೆಯಲ್ಲಿ ಬರುವುದಿಲ್ಲ.

ಗೋವಾದಲ್ಲಿ ಇಂಥ ಊರುಗಳು ಬಹಳ. 2011ರ ಜನಗಣತಿಯಲ್ಲಿ ಇಡೀ ಗೋವಾದ ಜನಸಂಖ್ಯೆ 14,58,545. ಅದರಲ್ಲಿ ನೂರಕ್ಕೆ 62 ಮಂದಿ ಪಟ್ಟಣವಾಸಿಗಳು. ಇಷ್ಟು ಚಿಕ್ಕ ರಾಜ್ಯದಲ್ಲಿ ಅಷ್ಟು ಪಟ್ಟಣ ಎಲ್ಲಿಂದ ಬಂತು? ಗಣತಿ ಗುರುತಿಸಿದ ಪಟ್ಟಣಗಳು ಒಟ್ಟು 70. ಅದರಲ್ಲಿ ಪಣಜಿ ಮಹಾನಗರಪಾಲಿಕೆಯನ್ನು ಸೇರಿಸಿ ಕಾನೂನು ಪ್ರಕಾರ ನಗರಾಡಳಿತ ಇದ್ದದ್ದು 14 ಊರುಗಳಿಗೆ ಮಾತ್ರ. ಉಳಿದ 56 ಸೆನ್ಸಸ್ ಟೌನ್‌ಗಳು. ಅಂದರೆ ಕಾಗದದ ಮೇಲೆ ಪಟ್ಟಣ, ಆಡಳಿತದಲ್ಲಿ ಹಳ್ಳಿ.

ಇದೇನು ಗೋವಾದ ಕಥೆ, ನಮಗೇನು ಅಂತ ಕೇಳಬೇಡಿ. ಬಜ್ಪೆ, ಕೋಟೆಕಾರ್, ಸೋಮೇಶ್ವರ ಮೂರೂ ಇದೇ ಪಟ್ಟಿಯಲ್ಲಿದ್ದ ಊರುಗಳು. ಗ್ರಾಮ ಪಂಚಾಯತ್ ಇದ್ದ ಇಲ್ಲೆಲ್ಲ ಆಮೇಲೆ ಪಟ್ಟಣ ಪಂಚಾಯತ್, ಪುರಸಭೆ ಬಂತು. ಆ ಬದಲಾವಣೆ ಆದಾಗ ಮನೆ ತೆರಿಗೆ ಏನಾಯಿತು, ಕಸದ ಗಾಡಿ ಬಂತೋ ಇಲ್ಲವೋ, ಉದ್ಯೋಗ ಖಾತ್ರಿ ಕೆಲಸ ಏನಾಯಿತು ಎಂದು ಅಲ್ಲಿನವರನ್ನು ಕೇಳಿ. ಅವರು ನಿಮಗೆ ಚೆನ್ನಾಗಿಯೇ ಹೇಳುತ್ತಾರೆ.

ರೈಲು ಮಾಡಿದ ಊರು

ಹಾಗಾದರೆ ಘಟ್ಟದ ಬುಡದಲ್ಲಿ, ಸಮುದ್ರದಿಂದ ಇಷ್ಟು ಒಳಗೆ ಇರುವ ಸಾವರ್ಡೆಯಲ್ಲಿ ಬೇಸಾಯ ಬಿಟ್ಟ ಜನ ಇಷ್ಟೊಂದು ಸೇರಿದ್ದು ಹೇಗೆ? ಉತ್ತರ ಅಲ್ಲಿನ ಸಾರಿಗೆಯಲ್ಲಿದೆ.

1878ರಲ್ಲಿ ಬ್ರಿಟಿಷರು ಮತ್ತು ಪೋರ್ಚುಗೀಸರು ಒಂದು ಒಪ್ಪಂದ ಮಾಡಿಕೊಂಡರು. ಮುರಗಾಂವ್ ಬಂದರಿನಿಂದ ಘಟ್ಟ ಹತ್ತಿ ಬ್ರಿಟಿಷ್ ಗಡಿಯ ತನಕ ರೈಲು ಹಾಕುವುದು ಅದರ ಒಂದು ಮುಖ್ಯ ಭಾಗ. ಹೀಗೆ ಬಂದದ್ದು ವೆಸ್ಟ್ ಆಫ್ ಇಂಡಿಯಾ ಪೋರ್ಚುಗೀಸ್ ರೈಲ್ವೆ. ಗೋವಾದೊಳಗಿನ ಉದ್ದ ಸುಮಾರು 82 ಕಿಲೋಮೀಟರ್. ಬಂದರಿನಿಂದ ಸಾವರ್ಡೆ ತನಕದ ಮೊದಲ ಹಂತದಲ್ಲಿ 1887ರಲ್ಲೇ ರೈಲು ಓಡಿತು. ಮರುವರ್ಷ 1888ರಲ್ಲಿ ಹಳಿ ಘಟ್ಟ ಹತ್ತಿ ಕ್ಯಾಸಲ್ ರಾಕ್ ಸೇರಿತು. ಕ್ಯಾಸಲ್ ರಾಕ್ ಅಂದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲೂಕು. ಅಲ್ಲಿಂದ ಲೋಂಡಾ, ಧಾರವಾಡ, ಹುಬ್ಬಳ್ಳಿ.

ಅಂದರೆ ಮಂಗಳೂರಿನಿಂದ ಗೋವಾಕ್ಕೆ ಕೊಂಕಣ ರೈಲು ಓಡುವುದಕ್ಕೆ ನೂರು ವರ್ಷಕ್ಕೂ ಮೊದಲೇ ಸಾವರ್ಡೆಗೂ ಧಾರವಾಡ-ಹುಬ್ಬಳ್ಳಿಗೂ ರೈಲು ಸಂಬಂಧ ಕೂಡಿತ್ತು. ಹತ್ತಿ, ಕಾಳು, ಮರ, ಉಪ್ಪು ಹೋದ ದಾರಿಯಲ್ಲೇ ಜನರೂ ಹೋದರು. ಇವತ್ತಿಗೂ ಗೋವಾದಲ್ಲಿ ಕನ್ನಡ ಮಾತಾಡುವವರಲ್ಲಿ ಬಹಳಷ್ಟು ಜನ ಉತ್ತರ ಕರ್ನಾಟಕದ ಕಡೆಯವರು. ಅದಕ್ಕೆ ಈ ಹಳಿಯೂ ಒಂದು ಕಾರಣ. 2011ರ ಗಣತಿಯಲ್ಲಿ ಗೋವಾದಲ್ಲಿ ಕನ್ನಡ ಮಾತೃಭಾಷೆ ಎಂದು ಬರೆಸಿದವರು ಸುಮಾರು 68 ಸಾವಿರ, ಅಂದರೆ ನೂರಕ್ಕೆ ಐದಕ್ಕಿಂತ ಸ್ವಲ್ಪ ಕಡಿಮೆ.

ಈ ಹಳಿಯ ಬಾಳಿನಲ್ಲಿ ಏರಿಳಿತವೂ ಆಗಿದೆ. 1955ರಲ್ಲಿ ಗೋವಾ ವಿಮೋಚನೆಯ ಚಳವಳಿ ಬಿಸಿಯೇರಿದಾಗ ಗಡಿಯಲ್ಲಿ ರೈಲು ನಿಂತುಹೋಯಿತು. 1961ರ ಡಿಸೆಂಬರ್ 19ರಂದು ಗೋವಾ ಭಾರತಕ್ಕೆ ಸೇರಿದ ಮೇಲೆ ಮತ್ತೆ ಕೂಡಿಕೊಂಡಿತು. 1990ರ ದಶಕದಲ್ಲಿ ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಈಗ ಇದು ಹುಬ್ಬಳ್ಳಿ ಕೇಂದ್ರವಾಗಿರುವ ನೈಋತ್ಯ ರೈಲ್ವೆಯ ಹಳಿ. ಯಶವಂತಪುರ-ವಾಸ್ಕೋ ಎಕ್ಸ್‌ಪ್ರೆಸ್, ದೆಹಲಿಯ ನಿಜಾಮುದ್ದೀನ್‌ಗೆ ಹೋಗುವ ಗೋವಾ ಎಕ್ಸ್‌ಪ್ರೆಸ್, ಹೌರಾಕ್ಕೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಎಲ್ಲವೂ ಇದೇ ದಾರಿ. ಊರಿನವರಿಗೆ ಹೆಚ್ಚು ಉಪಯೋಗದ್ದು ವಾಸ್ಕೋ-ಕುಳೆಂ ಲೋಕಲ್ ರೈಲು.

ನಿಲ್ದಾಣದ ಹೆಸರಿನಲ್ಲಿ ಸಾವರ್ಡೆಯೂ ಇದೆ, ಕುಡ್ಚಡೆಯೂ ಇದೆ. ಜೋಡಿ ಊರಿಗೆ ಜೋಡಿ ಹೆಸರು.

ಮಂಗಳೂರು ಕಡೆಯಿಂದ ಹೋಗುವವರು ಕೊಂಕಣ ರೈಲಿನಲ್ಲಿ ಮಡಗಾಂವ್‌ನಲ್ಲಿ ಇಳಿಯಬೇಕು. ಕೊಂಕಣ ರೈಲ್ವೆಯೂ ನೈಋತ್ಯ ರೈಲ್ವೆಯೂ ಅಲ್ಲೇ ಕೂಡುವುದು. ಅಲ್ಲಿಂದ ಕುಳೆಂ ಕಡೆಯ ರೈಲು ಅಥವಾ ಬಸ್ಸು. ಗೋವಾದಲ್ಲಿ ಸರ್ಕಾರಿ ಬಸ್ ಅಂದರೆ 1980ರಲ್ಲಿ ಶುರುವಾದ ಕದಂಬ, ಜೊತೆಗೆ ಖಾಸಗಿ ಬಸ್ಸುಗಳೂ ಇವೆ. ಬಸ್ಸಿಳಿದ ಮೇಲೆ ಒಳಗಿನ ವಾಡೆಗಳಿಗೆ ಹೋಗಲು ಅಲ್ಲಿನವರಿಗೆ 'ಪೈಲಟ್' ಇದ್ದಾರೆ. ವಿಮಾನದ ಪೈಲಟ್ ಅಲ್ಲ, ಬಾಡಿಗೆ ಬೈಕಿನವರು. ಹಿಂದೆ ಕೂತರೆ ಮನೆ ಬಾಗಿಲಿಗೆ ಬಿಡುತ್ತಾರೆ. ನಮ್ಮಲ್ಲಿ ರಿಕ್ಷಾ ಮಾಡುವ ಕೆಲಸವನ್ನು ಅಲ್ಲಿ ಅರ್ಧ ಈ ಪೈಲಟ್‌ಗಳೇ ಮಾಡುತ್ತಾರೆ.

ನದಿ, ಲಾರಿ, ಅದಿರು

ರೈಲು ಊರನ್ನು ಹುಟ್ಟುಹಾಕಿತು ಎಂದರೆ ಅದನ್ನು ಬೆಳೆಸಿದ್ದು ಅದಿರು. ಸಾವರ್ಡೆಯ ಹಿಂದೆ ಘಟ್ಟದ ಬುಡದಲ್ಲೆಲ್ಲ ಕಬ್ಬಿಣದ ಅದಿರು. ಮುಂದೆ ಜುವಾರಿ ನದಿ. ನದಿಯಲ್ಲಿ ಬಾರ್ಜ್ ಬರುವಷ್ಟು ನೀರು ಸಿಗುವುದು ಇಲ್ಲಿಯ ತನಕ. ಹಾಗಾಗಿ ಗಣಿಯಿಂದ ಲಾರಿಯಲ್ಲಿ ಅದಿರು ತಂದು, ದಡದ ಜೆಟ್ಟಿಗಳಲ್ಲಿ ಬಾರ್ಜಿಗೆ ತುಂಬಿ, ನದಿಯಲ್ಲೇ ಮುರಗಾಂವ್ ಬಂದರಿಗೆ ಕಳಿಸುವ ಪದ್ಧತಿ ಬೆಳೆಯಿತು. 2016ರ ರಾಷ್ಟ್ರೀಯ ಜಲಮಾರ್ಗ ಕಾಯ್ದೆಯಲ್ಲಿ ಜುವಾರಿ ನದಿಗೆ 111ನೇ ನಂಬರ್ ಕೊಟ್ಟಿದ್ದಾರೆ. ಆ ಜಲಮಾರ್ಗದ ಒಂದು ತುದಿ ಮುರಗಾಂವ್ ಬಂದರು, ಇನ್ನೊಂದು ತುದಿ ಸಾವರ್ಡೆ ಸೇತುವೆ. ಸುಮಾರು 50 ಕಿಲೋಮೀಟರ್.

ಒಂದು ಊರಿಗೆ ರೈಲು, ರಸ್ತೆ, ಜಲಮಾರ್ಗ ಮೂರೂ ಇರುವುದು ಅಪರೂಪ. ಸಾವರ್ಡೆಗೆ ಮೂರೂ ಇದೆ. ಆದರೆ ಈ ಮೂರೂ ಯಾರಿಗಾಗಿ ಬಂದವು? ಊರಿನ ಜನ ಓಡಾಡಲಿ ಎಂದು ಬಂದದ್ದಲ್ಲ, ಸರಕು ಸಾಗಲಿ ಎಂದು ಬಂದದ್ದು. ಅದಿರು ಸಾಗುತ್ತಿದ್ದಾಗ ಲಾರಿ ಚಾಲಕ, ಕ್ಲೀನರ್, ಟಯರ್ ಪಂಕ್ಚರ್ ಅಂಗಡಿ, ಗ್ಯಾರೇಜು, ಊಟದ ಹೋಟೆಲು, ಬಾಡಿಗೆ ರೂಮು ಎಲ್ಲದಕ್ಕೂ ಕೆಲಸ. ಕೆಲಸ ಇದ್ದಲ್ಲಿಗೆ ಜನ ಬರುತ್ತಾರೆ. ಬೇಸಾಯ ಬಿಟ್ಟ ಗಂಡಸರ ಲೆಕ್ಕ ಏರುತ್ತದೆ. ಹಳ್ಳಿ ಸೆನ್ಸಸ್ ಟೌನ್ ಆಗುತ್ತದೆ. ಜೊತೆಗೆ ಕೆಂಪು ಧೂಳು, ಲಾರಿಗಳ ಸಾಲು, ರಸ್ತೆ ದಾಟಲು ಹೆದರುವ ಶಾಲೆ ಮಕ್ಕಳು. ಲಾಭ ಕಂಡ ಊರೂ ಅದೇ, ಧೂಳು ಕುಡಿದ ಊರೂ ಅದೇ.

ಆಮೇಲೆ ಒಂದು ದಿನ ಎಲ್ಲ ನಿಂತಿತು. ಅಕ್ರಮ ಗಣಿಗಾರಿಕೆ ಬಗ್ಗೆ ಶಾ ಆಯೋಗದ ವರದಿ ಬಂದ ಮೇಲೆ 2012ರ ಸೆಪ್ಟೆಂಬರ್‌ನಲ್ಲಿ ಗೋವಾ ಸರ್ಕಾರ ಗಣಿಗಾರಿಕೆ ನಿಲ್ಲಿಸಿತು, ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2014ರ ಏಪ್ರಿಲ್‌ನಲ್ಲಿ ವರ್ಷಕ್ಕೆ 2 ಕೋಟಿ ಟನ್ ಮಿತಿ ಹಾಕಿ ಬಿಟ್ಟರು. 2018ರ ಫೆಬ್ರವರಿಯಲ್ಲಿ 88 ಗುತ್ತಿಗೆಗಳ ನವೀಕರಣವನ್ನೇ ಸುಪ್ರೀಂ ಕೋರ್ಟ್ ರದ್ದು ಮಾಡಿತು. ಮಾರ್ಚ್ ಮಧ್ಯದಿಂದ ಮತ್ತೆ ಬಂದ್. ಗಣಿ ಬ್ಲಾಕುಗಳ ಹರಾಜು ಶುರುವಾದದ್ದು 2022ರ ಕೊನೆಗೆ.

ಈಗ ನಮ್ಮ ಎರಡು ಸಾಲಿಗೆ ವಾಪಸ್ ಬನ್ನಿ. ಸಾವರ್ಡೆಯ ಜನಸಂಖ್ಯೆ ಅಂತ ಮೊಬೈಲ್ ತೋರಿಸುವುದು 2011ರ ಅಥವಾ ಅದಕ್ಕೂ ಹಿಂದಿನ ಲೆಕ್ಕ. 2011ರ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರ ತನಕ. ಅದು ಅದಿರಿನ ವ್ಯಾಪಾರ ಉತ್ತುಂಗದಲ್ಲಿದ್ದ ಕಾಲ, ರಸ್ತೆ ತುಂಬ ಲಾರಿ. ಮರುವರ್ಷವೇ ಆ ಲೋಕ ಕುಸಿಯಿತು. 2021ರಲ್ಲಿ ಆಗಬೇಕಿದ್ದ ಗಣತಿ ಕೊರೊನಾದಿಂದ ಮುಂದಕ್ಕೆ ಹೋಯಿತು. ಹಾಗಾಗಿ ಗಣಿ ನಿಂತ ಮೇಲೆ ಯಾರು ಊರು ಬಿಟ್ಟರು, ಯಾರು ಉಳಿದರು, ಉಳಿದವರು ಏನು ಮಾಡುತ್ತಿದ್ದಾರೆ ಎಂಬುದು ಯಾವ ಗಣತಿಯ ಪುಸ್ತಕದಲ್ಲೂ ಇಲ್ಲ. ಊರು ಬದಲಾಗಿದೆ, ಅದರ ಲೆಕ್ಕ ಹಾಗೇ ನಿಂತಿದೆ.

ರೈಲಿನ ಕಥೆಯೂ ಹಾಗೇ. ಇವತ್ತು ಈ ಹಳಿಯ ಮೇಲೆ ದೊಡ್ಡ ಜಗಳ ಇರುವುದು ಕಲ್ಲಿದ್ದಲಿನದ್ದು. ಮುರಗಾಂವ್ ಬಂದರಿಗೆ ಹಡಗಿನಲ್ಲಿ ಬರುವ ಕಲ್ಲಿದ್ದಲು ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗೆ ಹೋಗುವುದು ಸಾವರ್ಡೆಯ ಮೇಲಿಂದಲೇ. ಹಳಿ ಜೋಡಿ ಮಾಡುವ ಯೋಜನೆಯ ವಿರುದ್ಧ 2020ರಲ್ಲಿ ಪಕ್ಕದ ಚಾಂದೋರ್‌ನಲ್ಲಿ ಸಾವಿರಾರು ಜನ ರಾತ್ರಿಯಿಡೀ ಹಳಿಯ ಹತ್ತಿರ ಕೂತು ಪ್ರತಿಭಟಿಸಿದರು. 2022ರ ಮೇ ತಿಂಗಳಲ್ಲಿ ತಿನೈಘಾಟ್-ಕ್ಯಾಸಲ್ ರಾಕ್-ಕುಳೆಂ ಘಟ್ಟದ ಭಾಗಕ್ಕೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಅನುಮತಿಯನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿತು. ಜೋಡಿ ಹಳಿ ಬಂದರೆ ನಮಗೆ ಹೆಚ್ಚು ರೈಲು ಬರುತ್ತದೋ, ಇಲ್ಲ ಹೆಚ್ಚು ಕಲ್ಲಿದ್ದಲೋ? ಅಲ್ಲಿನ ಜನ ಕೇಳುವ ಪ್ರಶ್ನೆ ಇಷ್ಟೇ.

'ಹೊರಗಿನವರು' ಯಾರು?

ಸಾರಿಗೆಯ ಜೊತೆ ಬಂದ ಜನರನ್ನು ಊರು ಯಾವಾಗ ತನ್ನವರು ಎನ್ನುತ್ತದೆ? ಸಾವರ್ಡೆಯಲ್ಲಿ ಈ ಪ್ರಶ್ನೆ ಒಮ್ಮೆ ಬಹಳ ಕಹಿಯಾಗಿ ಎದ್ದಿತ್ತು. 2006ರ ಮಾರ್ಚ್ ಮೊದಲ ವಾರ, ಪ್ರಾರ್ಥನೆಯ ಕಟ್ಟಡವೊಂದರ ವಿವಾದದಿಂದ ಶುರುವಾದ ಗಲಾಟೆಯಲ್ಲಿ ಸಾವರ್ಡೆ-ಕುಡ್ಚಡೆಯ ಮುಸ್ಲಿಮರ ಅಂಗಡಿಗಳ ಮೇಲೆ ದಾಳಿ ನಡೆಯಿತು. ಕರ್ಫ್ಯೂ ಹಾಕಬೇಕಾಯಿತು. ಗೋವಾದಂಥ ಶಾಂತ ರಾಜ್ಯದಲ್ಲಿ ಹೀಗಾಯಿತಲ್ಲ ಎಂದು ದೇಶವೆಲ್ಲ ಮಾತಾಡಿತು.

ಅಂಥ ಹೊತ್ತಿನಲ್ಲಿ ಹರಡುವ ಮಾತು ಯಾವಾಗಲೂ ಒಂದೇ: ಹೊರಗಿನವರು ಜಾಸ್ತಿ ಆಗಿದ್ದಾರೆ. ಎಷ್ಟು ಜಾಸ್ತಿ? ಯಾರೂ ಲೆಕ್ಕ ಹೇಳುವುದಿಲ್ಲ. 2011ರ ಗಣತಿಯ ಪ್ರಕಾರ ಇಡೀ ಗೋವಾದಲ್ಲಿ ಮುಸ್ಲಿಮರು ನೂರಕ್ಕೆ 8.3. ಅದರಲ್ಲಿ ತಲೆಮಾರುಗಳಿಂದ ಅಲ್ಲೇ ಇರುವ ಗೋವೆಯವರೂ ಇದ್ದಾರೆ, ಕರ್ನಾಟಕದಿಂದ ಹೋದವರೂ ಇದ್ದಾರೆ. ವದಂತಿಗೆ ಉತ್ತರ ಕೊಡಲು ಅಂಕಿ ಬೇಕು. ಅಂಕಿ ಬರಬೇಕಾದರೆ ಎಣಿಕೆಯವರು ಬಾಗಿಲಿಗೆ ಬಂದಾಗ ನಾವು ಬಾಗಿಲು ತೆರೆದು ಸರಿಯಾಗಿ ಬರೆಸಿರಬೇಕು.

ಯಾರನ್ನು ಎಲ್ಲಿ ಎಣಿಸುತ್ತಾರೆ?

ಮುಂದಿನ ಜನಗಣತಿಯ ಆಧಾರ ದಿನ 2027ರ ಮಾರ್ಚ್ 1. ಅದಕ್ಕೆ ಮೊದಲು 2026ರಲ್ಲಿ ಮನೆಪಟ್ಟಿಯ ಹಂತ. ಈ ಸಲ ಎಣಿಕೆ ಮೊಬೈಲಿನಲ್ಲಿ. ಬೇಕಾದವರು ತಾವೇ ಆನ್‌ಲೈನಿನಲ್ಲಿ ತುಂಬಿಸಬಹುದು. ಜಾತಿಯ ವಿವರವನ್ನೂ ಕೇಳುತ್ತಾರೆ. ಇಲ್ಲಿ ನಮ್ಮವರು ಸಾಮಾನ್ಯವಾಗಿ ಎಡವುವ ನಾಲ್ಕು ವಿಷಯ ಇದೆ.

ಒಂದು, ಎಣಿಕೆ ನಡೆಯುವುದು ಇರುವ ಊರಿನಲ್ಲಿ, ರೇಷನ್ ಕಾರ್ಡ್ ಇರುವ ಊರಿನಲ್ಲಿ ಅಲ್ಲ. ಪುತ್ತೂರಿನ ಹುಡುಗ ಗೋವಾದಲ್ಲಿ ಅಂಗಡಿ ಇಟ್ಟುಕೊಂಡು ವರ್ಷಗಟ್ಟಲೆ ಅಲ್ಲೇ ಇದ್ದರೆ ಅವನನ್ನು ಎಣಿಸಬೇಕಾದದ್ದು ಅಲ್ಲಿ. ಊರಲ್ಲಿ ಉಮ್ಮ ಪ್ರೀತಿಯಿಂದ ಅವನ ಹೆಸರನ್ನೂ ಬರೆಸಿಬಿಟ್ಟರೆ ಒಂದೋ ಅವನು ಎರಡು ಕಡೆ ಬರುತ್ತಾನೆ, ಇಲ್ಲವೇ ಗೋವಾದ ಲೆಕ್ಕದಲ್ಲಿ ಇಲ್ಲವೇ ಇಲ್ಲ. ಅವನು ಓಡಾಡುವ ರಸ್ತೆ, ಅವನು ಕುಡಿಯುವ ನಲ್ಲಿ ನೀರು, ಅವನ ಮಗು ಹೋಗುವ ಅಂಗನವಾಡಿ ಇರುವುದು ಅಲ್ಲಿ. ಅಲ್ಲಿ ಅವನ ಲೆಕ್ಕ ಇಲ್ಲದಿದ್ದರೆ ಅವನ ಪಾಲಿನ ಸೌಲಭ್ಯವೂ ಇಲ್ಲ.

ಎರಡು, ಗಲ್ಫ್‌ನಲ್ಲಿರುವವರು. ಎಣಿಕೆಯ ಅವಧಿ ಪೂರ್ತಿ ವಿದೇಶದಲ್ಲಿದ್ದವರನ್ನು ಇಲ್ಲಿಯ ಮನೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಇದು ಊರಿನ ಅಂಕಿಯನ್ನು ಹೇಗೆ ಬದಲಿಸುತ್ತದೆ ನೋಡಿ. 2011ರಲ್ಲಿ ದಕ್ಷಿಣ ಕನ್ನಡದಲ್ಲಿ ಸಾವಿರ ಗಂಡಸರಿಗೆ 1,020 ಹೆಂಗಸರು. ಗೋವಾದಲ್ಲಿ ಸಾವಿರಕ್ಕೆ 973. ಹೆಣ್ಣು-ಗಂಡಿನ ಲೆಕ್ಕಕ್ಕೆ ಕಾರಣಗಳು ಹಲವು. ಆದರೆ ಒಂದು ಕಾರಣ ಸುಲಭವಾಗಿ ಕಾಣುತ್ತದೆ: ನಮ್ಮ ಜಿಲ್ಲೆ ಗಂಡಸರನ್ನು ಕೆಲಸಕ್ಕೆ ಕಳಿಸುತ್ತದೆ, ಗೋವಾ ಕೆಲಸಕ್ಕೆ ಬರುವ ಗಂಡಸರನ್ನು ಬರಮಾಡಿಕೊಳ್ಳುತ್ತದೆ. ಕಳಿಸುವ ಊರು, ಬರಮಾಡಿಕೊಳ್ಳುವ ಊರು ಎಂದು ಗುರುತಿಸಲು ಈ ಒಂದು ಸಾಲು ಸಾಕು.

ಮೂರು, ಕೆಲಸದ ಕಲಂ. ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ಕೆಲಸಗಾರರು, ಅದಕ್ಕಿಂತ ಕಡಿಮೆ ಆದರೆ ಅಲ್ಪಾವಧಿಯವರು. ಮನೆಯಲ್ಲಿ ಕೂತು ಬೀಡಿ ಕಟ್ಟುವ, ಟೈಲರಿಂಗ್ ಮಾಡುವ ಹೆಂಗಸರನ್ನು 'ಮನೆಯಲ್ಲೇ ಇದ್ದಾಳೆ' ಎಂದು ಹೇಳಿಬಿಡುತ್ತೇವೆ. ಹಾಗೆ ಹೇಳಿದರೆ ಅವರ ಇಡೀ ದುಡಿಮೆ ಲೆಕ್ಕದಿಂದ ಹೋಗುತ್ತದೆ. ದುಡಿಯುತ್ತಿದ್ದರೆ ದುಡಿಯುತ್ತಾರೆ ಎಂದೇ ಹೇಳಿ.

ನಾಲ್ಕು, ಮಾತೃಭಾಷೆ. ಗಣತಿಯ ಅರ್ಥದಲ್ಲಿ ಮಾತೃಭಾಷೆ ಅಂದರೆ ಬಾಲ್ಯದಲ್ಲಿ ತಾಯಿ ನಮ್ಮ ಜೊತೆ ಆಡಿದ ಭಾಷೆ. ಓದಿದ ಭಾಷೆ ಅಲ್ಲ, ಧರ್ಮದ ಭಾಷೆಯೂ ಅಲ್ಲ. ಮನೆಯಲ್ಲಿ ಬ್ಯಾರಿ ಆಡುವವರು ಬ್ಯಾರಿ ಎಂದೇ ಬರೆಸಬೇಕು. ಇಡೀ ದೇಶದಲ್ಲಿ ಕನಿಷ್ಠ 10 ಸಾವಿರ ಜನ ಹೆಸರಿಸಿದ ಮಾತೃಭಾಷೆಗಳನ್ನು ಮಾತ್ರ ಗಣತಿ ಬೇರೆಯಾಗಿ ಪ್ರಕಟಿಸುತ್ತದೆ. ಬ್ಯಾರಿ ಸಾಹಿತ್ಯ ಅಕಾಡೆಮಿ 2007ರಲ್ಲೇ ಬಂದಿದೆ. ಆದರೆ ಅಕಾಡೆಮಿ ಇದ್ದ ಮಾತ್ರಕ್ಕೆ ಗಣತಿಯ ಪುಸ್ತಕದಲ್ಲಿ ಭಾಷೆ ಬರುವುದಿಲ್ಲ. ಗೋವಾದಲ್ಲಿರಲಿ, ಮುಂಬೈಯಲ್ಲಿರಲಿ, ಬರೆಸುವವರು ನಾವೇ.

ರೇಷನ್ನಿಗೂ ಇದಕ್ಕೂ ಏನು ಸಂಬಂಧ?

ಬಹಳ ಸಂಬಂಧ ಇದೆ. 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ ದೇಶದ ಗ್ರಾಮೀಣ ಜನರಲ್ಲಿ ನೂರಕ್ಕೆ 75 ಮಂದಿಯ ತನಕ, ಪಟ್ಟಣದವರಲ್ಲಿ ನೂರಕ್ಕೆ 50 ಮಂದಿಯ ತನಕ ಪಡಿತರ ಸಿಗಬೇಕು. ಯಾವ ಜನಸಂಖ್ಯೆಯ ಮೇಲೆ? 2011ರ ಲೆಕ್ಕದ ಮೇಲೆ. ಅಲ್ಲಿಂದ ಈಚೆಗೆ ಹುಟ್ಟಿದ ಮಕ್ಕಳು, ಬೆಳೆದ ಊರು ಯಾವುದೂ ಆ ಲೆಕ್ಕದಲ್ಲಿಲ್ಲ. ಊರು ಗ್ರಾಮೀಣವೋ ನಗರವೋ ಎಂಬುದು ಬರೀ ಹೆಸರಿನ ಪ್ರಶ್ನೆ ಅಲ್ಲ ಎನ್ನುವುದು ಇದಕ್ಕೇ.

ಸೆನ್ಸಸ್ ಟೌನ್‌ಗಳ ಕಷ್ಟ ಇನ್ನೂ ಬೇರೆ. ನಗರ ಯೋಜನೆಗಳ ಹಣ ಹೆಚ್ಚಾಗಿ ಹೋಗುವುದು ಪುರಸಭೆ, ನಗರಸಭೆ ಇರುವ ಊರಿಗೆ. ಪಂಚಾಯತ್ ಊರಿಗೆ ಗ್ರಾಮೀಣ ಯೋಜನೆ. ಆದರೆ ಸಾವರ್ಡೆಯಂಥ ಊರಿನ ಸಮಸ್ಯೆ ಗದ್ದೆಯ ಬದುವಿನದ್ದಲ್ಲ. ಒಳಚರಂಡಿ, ಪಾರ್ಕಿಂಗ್, ಕಸ, ಬಾಡಿಗೆ ಮನೆ, ರಸ್ತೆ ದಾಟುವ ದಾರಿ, ಹೀಗೆ ಎಲ್ಲವೂ ಪಟ್ಟಣದ ಸಮಸ್ಯೆ. ಅದನ್ನು ಪರಿಹರಿಸಬೇಕಾದ್ದು ಪಂಚಾಯತಿನ ಹಣದಲ್ಲಿ. ಹಾಗಂತ ಪುರಸಭೆ ಆದರೆ ತೆರಿಗೆ ಏರುತ್ತದೆ, ಉದ್ಯೋಗ ಖಾತ್ರಿಯಂಥ ಗ್ರಾಮೀಣ ಯೋಜನೆ ತಪ್ಪುತ್ತದೆ ಎಂಬ ಭಯ. ಎರಡೂ ಕಡೆ ನ್ಯಾಯ ಇದೆ. ಅಳೆದು ತೂಗಿ ತೀರ್ಮಾನ ಮಾಡಬೇಕಾದವರು ಊರಿನ ಜನ, ಅದಕ್ಕೆ ಮೊದಲು ಅವರ ಕೈಯಲ್ಲಿ ಸರಿಯಾದ ಅಂಕಿ ಇರಬೇಕು.

ಇನ್ನೊಂದು ಉಪಯೋಗದ ಮಾತು. 'ಒಂದು ದೇಶ ಒಂದು ರೇಷನ್ ಕಾರ್ಡ್' ವ್ಯವಸ್ಥೆಯಲ್ಲಿ ಕರ್ನಾಟಕದ ಕಾರ್ಡ್ ಇದ್ದವರು ಆಧಾರ್ ಬೆರಳಚ್ಚು ಕೊಟ್ಟು ಗೋವಾದ ನ್ಯಾಯಬೆಲೆ ಅಂಗಡಿಯಲ್ಲೂ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು. ಊರಿನ ಕಾರ್ಡಿನಲ್ಲಿ ಹೆಸರಿದೆ ಎಂಬ ಕಾರಣಕ್ಕೆ ಗಣತಿಯಲ್ಲೂ ಊರಲ್ಲೇ ಬರೆಸಬೇಕು ಅನ್ನುವ ತಪ್ಪು ಕಲ್ಪನೆ ಬೇಡ. ಕಾರ್ಡ್ ಬೇರೆ, ಗಣತಿ ಬೇರೆ.

ನಿಮ್ಮ ಊರಿನ ಪುಟ ಓದಿದ್ದೀರಾ?

ಪ್ರತಿ ಗಣತಿಯ ನಂತರ ಪ್ರತಿ ಜಿಲ್ಲೆಗೆ ಒಂದು ಜಿಲ್ಲಾ ಜನಗಣತಿ ಕೈಪಿಡಿ ಬರುತ್ತದೆ. ಅದರಲ್ಲಿ ಹಳ್ಳಿಗೆ ಹಳ್ಳಿಯ ವಿವರ ಇದೆ. ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ ದುಡ್ಡು ಕೊಡದೆ ಸಿಗುತ್ತದೆ. ಹೇಗೆ ಓದಬೇಕು ಎಂದರೆ ಹೀಗೆ:

ಒಟ್ಟು ಜನರನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿ, ಒಂದು ಮನೆಯಲ್ಲಿ ಎಷ್ಟು ಜನ ಎಂದು ಗೊತ್ತಾಗುತ್ತದೆ. ಆರು ವರ್ಷದೊಳಗಿನ ಮಕ್ಕಳ ಸಂಖ್ಯೆ ನೋಡಿ, ಊರಿಗೆ ಎಷ್ಟು ಅಂಗನವಾಡಿ ಬೇಕು ಎಂದು ಅದು ಹೇಳುತ್ತದೆ. ಕೆಲಸಗಾರರ ನಾಲ್ಕು ವಿಧ ನೋಡಿ: ಬೇಸಾಯಗಾರ, ಕೃಷಿ ಕೂಲಿ, ಮನೆಯ ಕೈಗಾರಿಕೆ, ಇತರೆ. 'ಇತರೆ' ದೊಡ್ಡದಾಗಿದ್ದರೆ ನಿಮ್ಮ ಊರೂ ಸಾವರ್ಡೆಯ ದಾರಿಯಲ್ಲಿದೆ ಎಂದರ್ಥ.

ಕೊನೆಗೆ ಸೌಲಭ್ಯಗಳ ಪಟ್ಟಿ. ಬಸ್ ಇದೆಯಾ, ರೈಲು ನಿಲ್ದಾಣ ಇದೆಯಾ, ಆಸ್ಪತ್ರೆ ಇದೆಯಾ. ಇಲ್ಲದಿದ್ದರೆ ಎಷ್ಟು ದೂರ ಎಂದು ಮೂರು ಅಕ್ಷರದಲ್ಲಿ ಬರೆದಿರುತ್ತಾರೆ: 5 ಕಿಲೋಮೀಟರ್ ಒಳಗೆ, 5ರಿಂದ 10, ಹತ್ತಕ್ಕಿಂತ ಹೆಚ್ಚು. ಒಂದು ಊರಿನ ಕಷ್ಟವೆಲ್ಲ ಆ ಮೂರು ಅಕ್ಷರದಲ್ಲಿ ಅಡಗಿರುತ್ತದೆ. ಆದರೆ ಒಂದು ಎಚ್ಚರ: ಬಸ್ 'ಇದೆ' ಎಂದರೆ ಎಷ್ಟು ಹೊತ್ತಿಗೆ ಇದೆ, ರಾತ್ರಿ ಎಂಟರ ನಂತರ ಇದೆಯಾ ಎಂದು ಪುಸ್ತಕ ಹೇಳುವುದಿಲ್ಲ. ಕಾಲೇಜಿಗೆ ಹೋಗುವ ಹುಡುಗಿಗೆ ಬೇಕಾದ್ದು ಆ ಉತ್ತರವೇ. ರೈಲು ಹಳಿ ಊರಿನ ಮಧ್ಯೆ ಹೋದ ಮಾತ್ರಕ್ಕೆ ಊರಿಗೆ ರೈಲು ಸಿಕ್ಕಿತು ಎಂದಲ್ಲ ಎಂದು ಸಾವರ್ಡೆಯವರಿಗೆ ಚೆನ್ನಾಗಿ ಗೊತ್ತು. ಗೂಡ್ಸ್ ಗಾಡಿ ಎಷ್ಟು ಹೋದರೂ ಅದರಲ್ಲಿ ನಾವು ಹತ್ತುವ ಹಾಗಿಲ್ಲವಲ್ಲ.

ನಮ್ಮ ಯುವಕರಿಗೆ ಒಂದು ಕೆಲಸ. ಪ್ರತಿ ಊರಿನ ಜಮಾಅತ್, ಯುವಕ ಸಂಘಗಳು ಒಂದು ಸಂಜೆ ಕೂತು ತಮ್ಮ ಊರಿನ ಪುಟ ಓದಿ. 2011ರ ಅಂಕಿ ಏನು, ಇವತ್ತು ಏನು ಕಾಣುತ್ತಿದೆ ಎಂದು ಪಕ್ಕಪಕ್ಕದಲ್ಲಿ ಬರೆಯಿರಿ. ಹೊರಗೆ ದುಡಿಯುವ ನಿಮ್ಮ ಊರಿನವರಿಗೆ ಫೋನ್ ಮಾಡಿ, ಇರುವಲ್ಲೇ ಹೆಸರು ಬರೆಸಲು ಹೇಳಿ. ಎಣಿಕೆಯವರು ಬಂದಾಗ ಮನೆಯಲ್ಲಿ ಓದು ಬರುವ ಒಬ್ಬರಾದರೂ ಉಮ್ಮನ ಪಕ್ಕದಲ್ಲಿ ಕೂತು ಉತ್ತರ ಕೊಡಿ. ಇದಕ್ಕೆ ಖರ್ಚು ಇಲ್ಲ, ರಾಜಕೀಯ ಬೇಕಾಗಿಲ್ಲ, ಯಾರ ಅನುಮತಿಯೂ ಬೇಡ.

ಸಾವರ್ಡೆ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಬೇರೆಯವರ ಸರಕನ್ನು ಸಾಗಿಸುತ್ತಾ ಬಂದ ಊರು. ಸರಕಿನ ಲೆಕ್ಕ ಟನ್ ಟನ್ನಿಗೂ ಇಟ್ಟಿದ್ದಾರೆ. ಆ ಸರಕು ಹೊತ್ತ ಜನರ ಲೆಕ್ಕ 2011ರಲ್ಲೇ ನಿಂತಿದೆ. ಮುಂದಿನ ಪುಟ ಬರೆಯುವಾಗ ಅಲ್ಲಿರುವ ನಮ್ಮವರೂ ಇಲ್ಲಿರುವ ನಾವೂ ಅದರಲ್ಲಿ ಇರಬೇಕು.